ಎಂಬತ್ತನೆಯ ನಟ್ಟು

ಹಂಸಭಾವಿಯ ಬಸವಣ್ಣೆಪ್ಪ ತನ್ನ ಜನ್ಮದಲ್ಲಿ ಸೈಕಲ್ ಅಂಗಡಿಯಲ್ಲಿ ಕೆಲಸ ಮಾಡಿದ್ದು ಹನ್ನೊಂದು ದಿನ. ಅದೂ ಸವಣೂರಿನಲ್ಲಿ, ಅದೂ ಗಾಳಿ ಹಾಕುವ ಕೆಲಸ. ಹನ್ನೆರಡನೆಯ ದಿನ ಯಾರದೋ ಟ್ಯೂಬು ಒಡೆದು, ಅವನು ಊರ ದಾರಿ ಹಿಡಿದ. ಊರು ಮುಟ್ಟುವಷ್ಟರಲ್ಲಿ ಆ ಹನ್ನೊಂದು ದಿನ ಹನ್ನೊಂದು ತಿಂಗಳಾಗಿದ್ದವು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವು ಎಷ್ಟಾಗಿದ್ದವೆಂದು ಅವನಿಗೇ ಸರಿಯಾಗಿ ನೆನಪಿರಲಿಲ್ಲ. "ನಾ ಸವಣೂರಾಗ ಮಿಸ್ತ್ರಿ ಇದ್ದಾಗ" ಎಂದು ಅವನು ಶುರು ಮಾಡಿದರೆ ಓಣಿಯವರು ಮುಂದಿನದನ್ನು ತಾವೇ ಹೇಳಿ ಮುಗಿಸುತ್ತಿದ್ದರು. ಯಾರಿಗೂ ತೊಂದರೆ ಕೊಡದ, ಸಾಧು ಸ್ವಭಾವದ ಸುಳ್ಳು ಅದು. ಯುದ್ಧದ ಕಾಲ ಬರದಿದ್ದರೆ ಹಾಗೇ ಇದ್ದು ಮುದುಕಾಗುತ್ತಿತ್ತು.

ಆಗ ಸರಕಾರ ಕಾಳಿನ ಮೇಲೆ ಲೆವಿ ಹಾಕಿತ್ತು. ಎಕರೆಗೆ ಇಷ್ಟು ಜೋಳ ಸರಕಾರಕ್ಕೆ ಅಳೆಯಬೇಕು, ಮನೆಯ ತಲೆ ಎಣಿಸಿ ಇಷ್ಟು ಉಳಿಸಿಕೊಳ್ಳಬೇಕು. ಹೆಚ್ಚಿಗೆ ಸಿಕ್ಕರೆ ಜಪ್ತಿ, ಮೇಲೆ ಜೈಲು. ತಲೆ ಎಣಿಸಿದವರು ಹೊಟ್ಟೆ ಎಣಿಸಿರಲಿಲ್ಲ. ಉಳಿಸಿಕೊಂಡ ಕಾಳು ಶ್ರಾವಣಕ್ಕೇ ತೀರುತ್ತಿತ್ತು.

ಬಸವಣ್ಣೆಪ್ಪನ ಮನೆಯ ಮುಂದೆ ಬೇವಿನ ಗಿಡದ ಕೆಳಗೆ ಅವನ ಅಜ್ಜ ತೋಡಿಸಿದ ಒಂದು ಹಗೇವು ಇತ್ತು. ನೆಲದೊಳಗೆ ಎರಡಾಳು ಆಳ. ಜೋಳ ಸುರುವಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಸುತ್ತ ಮಣ್ಣು ಮೆತ್ತಿಬಿಟ್ಟರೆ ಮೂರು ವರ್ಷ ಕಾಳು ಕೆಡುವುದಿಲ್ಲ. ಆ ಸುಗ್ಗಿಯಲ್ಲಿ ಅದರೊಳಗೆ ಹನ್ನೆರಡು ಚೀಲ ಜೋಳ ಇಳಿದಿತ್ತು. ಆರು ಬಸವಣ್ಣೆಪ್ಪನವು, ನಾಲ್ಕು ಎದುರುಮನೆಯ ಕರಿಬಸಪ್ಪನವು, ಎರಡು ಪಕ್ಕದ ಮನೆಯ ಒಂಟಿ ಮುದುಕಿ ಹುಚ್ಚವ್ವನವು. ಆದರೆ 'ಹಗೇವು ಕುಸಿದಿದೆ, ಒಳಗೆ ಕಾಳಿಲ್ಲ' ಎಂದು ಚಾವಡಿಯಲ್ಲಿ ಜಬಾನಿ ಕೊಟ್ಟು ಸಹಿ ಮಾಡಿದವನು ಬಸವಣ್ಣೆಪ್ಪ ಒಬ್ಬನೇ. ಓಣಿಯಲ್ಲಿ ಸಹಿ ಬರುವವನು ತಾನೊಬ್ಬನೇ ಎಂಬುದು ಅವನ ದೊಡ್ಡ ಹೆಮ್ಮೆ. ಜೈಲಿಗೂ ತಾನೊಬ್ಬನೇ ಹೋಗಬೇಕಾದೀತು ಎಂಬುದು ಅವನಿಗೆ ಹೊಳೆದದ್ದು ಮನೆಗೆ ಬಂದು ಉಂಡು ಕೈತೊಳೆದ ಮೇಲೆ.

ಲೆವಿಯ ಸಾಹೇಬರು ಫಟಫಟಿ ಮೋಟಾರುಸೈಕಲ್ಲಿನ ಮೇಲೆ ಹಿರೇಕೆರೂರು ಬಿಟ್ಟಿದ್ದಾರೆಂಬ ಸುದ್ದಿ ಬಂದಾಗ ಬಸವಣ್ಣೆಪ್ಪ ಬುದ್ಧಿ ಓಡಿಸಿದ. ಹಾಸುಗಲ್ಲು ಕಾಣದಂತೆ ಅದರ ಮೇಲೆ ನಾಲ್ಕು ಬುಟ್ಟಿ ಮಣ್ಣು ಹಾಕಿ, ತುಳಿದು, ಸೆಗಣಿ ಸಾರಿಸಿದ. ಮೊಣಕಾಲೆತ್ತರದ ದಿಬ್ಬವಾಯಿತು. ಓಣಿಯ ನಟ್ಟನಡುವೆ.

ಲೆವಿಯ ಆ ಮೆಣಸಿನಕಾಯಿ ಸಾಹೇಬರು ಓಣಿಯ ತಿರುವಿನಲ್ಲಿ ಜೋರಾಗಿಯೇ ಬಂದರು. ಫಟಫಟಿಯ ಮುಂದಿನ ಗಾಲಿ ದಿಬ್ಬ ಹತ್ತಿತು, ಹಾರಿತು, ಮಣ್ಣು ಸೀಳಿ ಒಳಗಿನ ಹಾಸುಗಲ್ಲಿನ ಅಂಚಿಗೆ ಬಡಿದು ಕರಿದ ಹಪ್ಪಳದ ಹಾಗೆ ಸುರುಟಿತು. ಸಾಹೇಬರು ಮಾತ್ರ ನಿಂತೇ ಇದ್ದರು. ಹೇಗೆ ನಿಂತರೆಂದು ಅವರಿಗೂ ಗೊತ್ತಾದಂತೆ ಕಾಣಲಿಲ್ಲ.

"ಪೆಟ್ಟಾತೇನ್ರಿ ಸಾಹೇಬ್ರ?" ಬಸವಣ್ಣೆಪ್ಪ ಓಡಿಬಂದ.

"ನನಗಿಲ್ಲ. ಗಾಲಿಗಾತು. ಈ ದಿಬ್ಬ ಯಾರು ಹಾಕ್ಯಾರ?"

"ಇರುವಿ ಹಾಕಿರಬೇಕ್ರಿ."

ಸಾಹೇಬರು ಬಗ್ಗಿ ನೋಡಿದರು. "ಸೆಗಣೀನೂ ಸಾರಿಸ್ಯಾವಲ್ಲೋ ನಿಮ್ಮೂರ ಇರುವಿ." ಬೂಟುಗಾಲಿನಿಂದ ಮಣ್ಣು ಸರಿಸಿದರು. ಹಾಸುಗಲ್ಲು ಕಂಡಿತು. ಗಾಲಿಯ ಏಟಿಗೆ ಅದರ ಒಂದು ಮೂಲೆ ಮುರಿದು ಎರಡು ಬೆರಳಗಲ ಸಂದು ಬಿದ್ದಿತ್ತು. "ಹಗೇವೇನಿದು?"

"ಹೌದ್ರಿ. ಕುಸದೈತ್ರಿ. ಕಾಳಿಲ್ರಿ. ಜಬಾನಿ ಬರದ ಕೊಟ್ಟೇನ್ರಿ."

"ನಾ ಕೇಳಲಿಲ್ಲಲ್ಲ," ಎಂದರು ಸಾಹೇಬರು.

ಗಾಡಿ ಸರಕಾರದ್ದು, ಅದನ್ನು ಬಿಟ್ಟು ಕದಲುವಂತಿಲ್ಲ. ಇದ್ದಿಲು ಗ್ಯಾಸಿನ ಬಸ್ಸಿನ ಡ್ರೈವರನ ಕೈಯಲ್ಲಿ ಹಾವೇರಿಗೆ ಚೀಟಿ ಹೋಯಿತು. ಕರಿಬಸಪ್ಪ ತನ್ನ ಕಟ್ಟೆಗೆ ಕರೆದ, ಬಸವಣ್ಣೆಪ್ಪ ಪಡಸಾಲೆಗೆ ಕರೆದ, ಹುಚ್ಚವ್ವ ಕೊಟ್ಟಿಗೆಗೂ ಕರೆದಳು. ಸಾಹೇಬರು ಬೇವಿನ ಗಿಡ ನೋಡಿದರು, ನೆರಳು ನೋಡಿದರು, ಹೊರಸು ತರಿಸಿ ಹಾಸುಗಲ್ಲಿನ ಮೇಲೇ ಹಾಕಿಸಿದರು.

"ಅಲ್ಲೆ ಬ್ಯಾಡ್ರಿ ಸಾಹೇಬ್ರ, ಬೇವಿನಹಣ್ಣು ಬೀಳ್ತಾವು," ಎಂದ ಬಸವಣ್ಣೆಪ್ಪ.

"ಈಗ ಇನ್ನೂ ಹೂವಿಲ್ಲಲ್ಲೋ ಗಿಡಕ್ಕ."

ಹನ್ನೆರಡು ಚೀಲ ಜೋಳದ ಮೇಲೆ ಸರಕಾರ ಕಾಲು ಚಾಚಿ ಮಲಗಿತು. ಬಸವಣ್ಣೆಪ್ಪ ಬಾಗಿಲಲ್ಲಿ ನಿಂತು ಆ ಹೊರಸಿನ ನಾಲ್ಕು ಕಾಲನ್ನೇ ನೋಡುತ್ತಿದ್ದ. ಒಳಗೆ ಹೆಂಡತಿ ದಾನವ್ವ ರೊಟ್ಟಿ ಬಡಿಯುತ್ತಿದ್ದಳು. ಸಾಹೇಬರು ಹೊತ್ತಿಗೆ ಐದು ರೊಟ್ಟಿ ಉಣ್ಣುವವರು.

"ಇವರು ಹಿಂಗ ನಾಕ ದಿನಾ ಕುಂತ್ರ ಲೆವಿ ಬ್ಯಾರೆ ಬ್ಯಾಡ್ರಿ," ಎಂದಳು ದಾನವ್ವ.

ಮರುದಿನ ಬಸ್ಸಿನ ಮೇಲೆ ಹೊಸ ರಿಮ್ಮು ಬಂತು. ಅದನ್ನು ಕೂಡಿಸುವ ಮಿಸ್ತ್ರಿ ಬರಲಿಲ್ಲ. ಅವನಿಗೆ ಚಳಿಜ್ವರ, ಎಂಟು ದಿನವಾದೀತು ಎಂದು ಡ್ರೈವರ ಹೇಳಿದ.

"ಎಂಟ ದಿನ ಆದ್ರ ಎಂಟ ದಿನ," ಎಂದರು ಸಾಹೇಬರು. "ಇಲ್ಲೇ ಕುಂತು ಓಣಿಯ ಒಂದೊಂದ ಮನಿ ಸಾವಕಾಶ ತಪಾಸಣಿ ಮಾಡ್ತೇನಿ."

ಓಣಿಯಲ್ಲಿ ಗಾಳಿ ನಿಂತಿತು. ಆಗ ಕರಿಬಸಪ್ಪ, ತನ್ನ ನಾಲ್ಕು ಚೀಲ ನೆನೆದು, ಬಾಯಿ ತೆರೆದ: "ಮಿಸ್ತ್ರಿ ಯಾಕ್ರಿ ಸಾಹೇಬ್ರ? ನಮ್ಮ ಬಸವಣ್ಣೆಪ್ಪ ಸವಣೂರಾಗ ಮಿಸ್ತ್ರಿ ಇದ್ದಂವ."

ಹತ್ತು ವರ್ಷ ಸಾಕಿದ ಸುಳ್ಳು ಎದ್ದುಬಂದು ಬಸವಣ್ಣೆಪ್ಪನ ಎದುರಿಗೆ ನಿಂತಿತು.

"ಹೌದೇನಪಾ? ಎಷ್ಟು ವರ್ಷ?"

"ಹನ್ನೊಂದ್ರಿ," ಎಂದ ಬಸವಣ್ಣೆಪ್ಪ. ಅಷ್ಟರ ಮಟ್ಟಿಗೆ ಅದು ನಿಜವೇ ಆಗಿತ್ತು.

ಹೊರಸು ಒಂದು ಮಾರು ಆಚೆ ಸರಿಯಿತು. ಹಾಸುಗಲ್ಲು ಸಮ ಇದೆ, ಕೆಲಸಕ್ಕೆ ಅದೇ ಒಳ್ಳೆಯದು ಎಂದು ಸಾಹೇಬರೇ ಗಾಲಿಯನ್ನು ಅದರ ಮೇಲೆ ಇರಿಸಿದರು. ಬಸವಣ್ಣೆಪ್ಪ ನಟ್ಟು ತಿರುವುವ ಚಾವಿ ಹಿಡಿದು ಕುಳಿತ. ನಲವತ್ತು ಕಡ್ಡಿ, ಕಡ್ಡಿಗೊಂದು ಶೇಂಗಾಬೀಜದಷ್ಟು ಹಿತ್ತಾಳೆ ನಟ್ಟು. ಬಿಚ್ಚುವುದು ಸುಲಭ. ಬಿಚ್ಚಿದ. ಮುರಿದ ಐದು ಕಡ್ಡಿಗೆ ಬದಲಿ ಸಾಹೇಬರ ಚೀಲದಲ್ಲಿದ್ದವು.

"ಹೆಂಗ ಇದ್ವು ಅನ್ನೂದು ನೆನಪ ಇಟ್ಟಿಯೇನು?"

"ಕೈಗೆ ನೆನಪ ಇರ್ತೈತ್ರಿ," ಎಂದ.

ಕೈಗೆ ನೆನಪಿದ್ದದ್ದು ಗಾಳಿ ಹಾಕುವುದೊಂದೇ. ಕರಿಬಸಪ್ಪ ಚಕ್ಕಡಿ ಇಟ್ಟವನು, ಗಾಲಿಯ ವಿಷಯ ತನಗೂ ಗೊತ್ತೆಂದು ಕುಕ್ಕರಗಾಲಲ್ಲಿ ಕುಳಿತ. "ಗಾಲಿ ಅಂದ್ರ ಗಾಲಿ. ನಡುವಿನ ಗುಂಬದಿಂದ ಕಡ್ಡಿ ನೆಟ್ಟಗ ಹೊರಗ ಬರಬೇಕು. ಚಕ್ಕಡಿ ಗಾಲಿ ನೋಡಿಲ್ಲೇನು? ಸೊಟ್ಟ ಹಾಕಿದ್ರ ತೂಕ ಹೆಂಗ ಹೊರ್ತೈತಿ?"

ನೆಟ್ಟಗೆ ಹಾಕಿದರು. ಕಡ್ಡಿಗಳೆಲ್ಲ ರಿಮ್ಮು ದಾಟಿ ಎರಡು ಬೆರಳು ಹೊರಗೆ ಚಾಚಿ ನಿಂತವು. ಗಾಲಿ ಮುಳ್ಳುಹಂದಿಯಂತೆ ಕಂಡಿತು.

"ಉದ್ದ ಆಗ್ಯಾವು," ಎಂದ ಕರಿಬಸಪ್ಪ. "ತಡಿ, ಗರಗಸ ತರ್ತೇನಿ."

"ಸರಕಾರದ್ದದು," ಎಂದು ಸಾಹೇಬರು ಹೊರಸಿನ ಮೇಲಿಂದಲೇ ಹೇಳಿದರು. ಕರಿಬಸಪ್ಪ ಅರ್ಧ ಎದ್ದವನು ಅರ್ಧದಲ್ಲೇ ಕುಳಿತ.

ಮಧ್ಯಾಹ್ನ ಸಾಹೇಬರು ಐದು ರೊಟ್ಟಿ ಉಂಡು ಮಲಗಿದರು. ಗೊರಕೆ ಶುರುವಾದ ಮೇಲೆ ದಾನವ್ವ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದಳು: "ಹಿಂದಿನ ಗಾಲಿ ಚಲೋ ಐತೆಲ್ರಿ. ಅದನ್ನ ನೋಡಿ ಹಂಗ ಹಾಕ್ರಿ."

ಬಸವಣ್ಣೆಪ್ಪನಿಗೆ ಜೀವ ಬಂದಂತಾಯಿತು. ಹಿಂದಿನ ಗಾಲಿಯ ಮುಂದೆ ಕುಳಿತು ನೋಡಿದ. ಕಡ್ಡಿಗಳು ಒಂದನ್ನೊಂದು ಕತ್ತರಿಸಿಕೊಂಡು, ಮೇಲೆ ಕೆಳಗೆ ಹಾಯ್ದು, ಕಣ್ಣಿಗೆ ಜಾಲರಿಯಾದವು. ಎಷ್ಟು ನೋಡಿದರೂ ಮೊದಲು ಹಾಕಿದ ಕಡ್ಡಿ ಯಾವುದೆಂದು ತಿಳಿಯಲಿಲ್ಲ. ಕೊನೆಗೆ ಹಾಕಿದ್ದನ್ನು ಮೊದಲು ತೆಗೆಯುತ್ತ ಹೋದರೆ ಗುಟ್ಟು ಬಯಲಾಗುತ್ತದೆಂದು ಅವನು ಲೆಕ್ಕ ಹಾಕಿದ. ಗೊರಕೆಯ ಸದ್ದಿಗೆ ತಾಳ ಹಿಡಿದು, ಸಾಹೇಬರು ಉಸಿರು ಎಳೆದಾಗ ಚಾವಿ ತಿರುವಿ, ಬಿಟ್ಟಾಗ ನಿಲ್ಲಿಸಿ, ಗಾಲಿಯನ್ನೇ ಕಳಚಿ ಒಂದೊಂದೇ ಕಡ್ಡಿ ತೆಗೆದ. ನಾಲ್ಕನೆಯದಕ್ಕೆ ಮೊದಲನೆಯದು ಮರೆಯಿತು. ಗುಟ್ಟು ಕೊನೆಯ ಕಡ್ಡಿಯಲ್ಲಿ ಇರಬೇಕೆಂದು ಕೊನೆಯವರೆಗೂ ತೆಗೆದ. ಅಲ್ಲಿಯೂ ಇರಲಿಲ್ಲ.

ಗೊರಕೆ ನಿಂತಿತು. ಸಾಹೇಬರು ಎದ್ದು ಕುಳಿತು, ಎರಡು ಕಲ್ಲಿನ ಮೇಲೆ ಕುಳಿತ ಫಟಫಟಿಯನ್ನು ಬಹಳ ಹೊತ್ತು ನೋಡಿದರು.

"ಬಸವಣ್ಣೆಪ್ಪ."

"ರೀ."

"ನಾ ಮಲಗೂ ಮುಂದ ಇದಕ್ಕ ಒಂದರ ಗಾಲಿ ಇತ್ತು."

ಮೊರದ ತುಂಬ ಎರಡೂ ಗಾಲಿಯ ಎಂಬತ್ತು ಕಡ್ಡಿ ಕಲಸಿ ಬಿದ್ದಿದ್ದವು. ಸಾಹೇಬರು ಒಂದನ್ನು ಎತ್ತಿ ನೋಡಿ ಅಲ್ಲೇ ಇಟ್ಟರು. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹುಚ್ಚವ್ವ ಊರುಗೋಲು ಬದಿಗಿಟ್ಟು ಮೊರದ ಮುಂದೆ ಕುಳಿತಳು. ಕಸಬರಿಗೆ ಕಟ್ಟುವವಳು ಕಡ್ಡಿ ಆರಿಸುವಂತೆ ಎಲ್ಲವನ್ನೂ ಮುಷ್ಟಿಯಲ್ಲಿ ಹಿಡಿದು ಹಾಸುಗಲ್ಲಿಗೆ ಕುಟ್ಟಿದಳು. ಉದ್ದದವು ಮೇಲೆದ್ದವು, ಗಿಡ್ಡವು ಕೆಳಗುಳಿದವು. ಬೇರೆ ಬೇರೆ ಮಾಡಿಟ್ಟಳು. ಅವಳು ಕುಟ್ಟಿದಾಗೊಮ್ಮೆ ಕಲ್ಲಿನ ಕೆಳಗಿನಿಂದ 'ಗುಮ್' ಎಂಬ ದನಿ ಬರಬೇಕಿತ್ತು, ಹಗೇವು ಬರಿದಾಗಿದ್ದರೆ. ಬರಲಿಲ್ಲ. 'ದಪ್' ಎಂದು ಬಂತು. ಬಸವಣ್ಣೆಪ್ಪ ಜೋರಾಗಿ ಕೆಮ್ಮತೊಡಗಿದ. ಹುಚ್ಚವ್ವ ಕುಟ್ಟಿದಷ್ಟೂ ಸಲ ಅವನು ಕೆಮ್ಮಿದ.

"ನಿನಗೂ ಜ್ವರ ಬಂತೇನು?" ಎಂದರು ಸಾಹೇಬರು.

ಇಂಥ ಹೊತ್ತಿನಲ್ಲಿ ಓಣಿಯ ತುದಿಯಿಂದ 'ಟೊಂಯ್' ಎಂದು ದನಿ ಬಂತು. ಸವಣೂರಿನ ಉಸ್ಮಾನಸಾಬ, ಹತ್ತಿ ಹಿಂಜುವವನು. ಹೆಗಲ ಮೇಲೆ ಆಳುದ್ದದ ಬಿಲ್ಲು ಹೊತ್ತು, ಅದರ ನರದ ದಾರವನ್ನು ಮೀಟುತ್ತ, ಹಾಸಿಗೆ ಗಾದಿ ಹಿಂಜಿಸುವವರು ಇದ್ದಾರೆಯೇ ಎಂದು ವರ್ಷಕ್ಕೊಮ್ಮೆ ಬರುವವನು. ಬಸವಣ್ಣೆಪ್ಪ ಅವನ ಮುಖ ನೋಡಿದ ಕೂಡಲೇ ಒಳಗೆ ಹೋಗಲು ಎದ್ದ. ಹೊತ್ತು ಮೀರಿತ್ತು.

"ಅರೆ ಬಸವಣ್ಣೆಪ್ಪ, ನೀನು ಗಾಲಿ ಹೆಣಿಯಾಕ ಯಾವಾಗ ಕಲತಿ?" ಉಸ್ಮಾನಸಾಬ ಸಾಹೇಬರ ಕಡೆ ತಿರುಗಿ ಸಲಾಮು ಮಾಡಿದ. "ನಮ್ಮ ಅಂಗಡಿ ಎದರೇ ನಿಯಾಜ ಮಿಸ್ತ್ರಿದು ಅಂಗಡಿರಿ. ಇವ ಅಲ್ಲೆ ಗಾಳಿ ಹಾಕ್ತಿದ್ದ. ಹನ್ನೊಂದ ದಿನಾ ಇದ್ದ, ಹನ್ನೊಂದ ವರ್ಷದ ಸುದ್ದಿ ಬಿಟ್ಟು ಬಂದ."

ಸಾಹೇಬರು ಬಸವಣ್ಣೆಪ್ಪನನ್ನು ನೋಡಿದರು.

"ಹನ್ನೊಂದು ದಿನ."

"ನಾ ವರ್ಷ ಅನ್ಲಿಲ್ರಿ," ಎಂದ ಬಸವಣ್ಣೆಪ್ಪ, ನೆಲ ನೋಡುತ್ತ.

"ಹಂಗಾದ್ರ ಆ ಜಬಾನಿ? ಹಗೇವು ಕುಸದೈತಿ ಅಂತ ಬರದ ಕೊಟ್ಟಿಯಲ್ಲ, ಅದೂ ಹಿಂತಾದ ಏನು?"

ದಾನವ್ವ ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಕರಿಬಸಪ್ಪ ತನಗೇನೋ ನೆನಪಾದವನಂತೆ ತನ್ನ ಮನೆಯ ಕಡೆ ನೋಡಿದ. ಹುಚ್ಚವ್ವ ಮಾತ್ರ ಒಂದು ಕಡ್ಡಿಯನ್ನು ಕಣ್ಣಿನ ಹತ್ತಿರ ಹಿಡಿದು, "ಇಲ್ನೋಡ್ರಿ," ಎಂದಳು. "ಬಳಿ ಹಾಕಿದ ಕೈಯಾಗ ಉಜ್ಜಿದ ಗುರ್ತು ಬಿದ್ದಿರ್ತಾವಲ್ಲ, ಹಂಗ ಐತಿ. ಹೊಸಾ ಐದು ಬಿಟ್ರ ಎಲ್ಲಾದಕ್ಕೂ ಐತಿ. ಒಂದ ಕಡ್ಡಿ ಇನ್ನೊಂದಕ್ಕ ಇಲ್ಲೆ ಉಜ್ಜೇತಿ."

ಸಾಹೇಬರು ಕಡ್ಡಿ ಇಸಿದುಕೊಂಡು ನೋಡಿದರು. ಮಾತು ಅಲ್ಲಿಗೆ ತಪ್ಪಿತು. ಮರೆತರೆಂದು ಅರ್ಥವಲ್ಲ.

ಉಸ್ಮಾನಸಾಬ ಬಿಲ್ಲು ಗಿಡಕ್ಕೆ ಆನಿಸಿ ಕುಳಿತ. ಇಪ್ಪತ್ತು ವರ್ಷ ಎದುರಿಗೆ ಕುಳಿತು ನಿಯಾಜನ ಕೈ ನೋಡಿದವನು. "ಮೊದಲ ಅರ್ಧಾ ಕಡ್ಡಿ ಒಂದ ಮಾರಿ ಮಾಡಿ ಹಾಕ್ರಿ. ಗುಂಬ ತಿರುವಿ ಬಿಗೀರಿ. ಉಳದ ಅರ್ಧಾ ಎದರ ಮಾರಿ. ಒಂದೊಂದು ಮೂರು ಕಡ್ಡಿ ದಾಟಬೇಕು. ಎರಡರ ಮ್ಯಾಲೆ ಹೋಗಿ ಮೂರನೇದರ ಕೆಳಗ. ಉಜ್ಜಿದ ಗುರ್ತು ಉಜ್ಜಿದ ಗುರ್ತಿಗೆ ಕೂಡಿದ್ರ ಸರಿ, ಇಲ್ಲಂದ್ರ ತಪ್ಪು."

ಎರಡು ದಿನ ಹಿಡಿಯಿತು. ಬಸವಣ್ಣೆಪ್ಪ ಹೆಣೆದ, ಉಸ್ಮಾನಸಾಬ ಬಿಚ್ಚಿಸಿದ, ಮತ್ತೆ ಹೆಣೆದ. ಗಾಲಿ ತಿರುಗಿಸಿ ಅಲುಗಾಟ ನೋಡಲು ಸೀಮೆಸುಣ್ಣ ಬೇಕಾಯಿತು. ಓಣಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ದಾನವ್ವ ದೇವರ ಜಗಲಿಯಿಂದ ವಿಭೂತಿಗಟ್ಟಿ ತಂದುಕೊಟ್ಟಳು. ತಿರುಗುವ ರಿಮ್ಮಿನ ಹತ್ತಿರ ಗಟ್ಟಿ ಹಿಡಿದರೆ ಉಬ್ಬಿದ ಕಡೆಗೆಲ್ಲ ಬಿಳಿ ಗೆರೆ ಬೀಳುತ್ತಿತ್ತು, ಅಲ್ಲಿ ಬಿಗಿದರೆ ಸರಿಯಾಗುತ್ತಿತ್ತು. ಗಾಲಿಗೆ ಮೂರು ಬೆರಳಗಲ ವಿಭೂತಿ ಹತ್ತಿದ್ದನ್ನು ಕಂಡು ಸಾಹೇಬರು ಕೈಮುಗಿಯುವುದೋ ಬೇಡವೋ ತಿಳಿಯದೆ ಟೊಪ್ಪಿಗೆ ಸರಿಮಾಡಿಕೊಂಡರು. ಬಿಗಿ ಸಾಕೋ ಎಂದು ತಿಳಿಯಲು ಉಸ್ಮಾನಸಾಬ ಒಂದೊಂದು ಕಡ್ಡಿಯನ್ನೂ ಬೆರಳಿಂದ ಮೀಟುವನು, ತನ್ನ ಬಿಲ್ಲಿನ ದಾರ ಮೀಟಿ ನೋಡುವವನ ಹಾಗೆ. ಎಲ್ಲವೂ ಒಂದೇ ದನಿ ಕೊಡಬೇಕು. ಬಸವಣ್ಣೆಪ್ಪ ಕಿವಿ ಗಾಲಿಯ ಮೇಲಿಟ್ಟಿದ್ದರೂ ಕಣ್ಣು ಕಲ್ಲಿನ ಸಂದಿನ ಮೇಲೇ ಇತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಎಪ್ಪತ್ತೊಂಬತ್ತು ನಟ್ಟು ಕುಳಿತವು. ಎಂಬತ್ತನೆಯದನ್ನು ಸಾಹೇಬರು ತಾವೇ ಎತ್ತಿದರು. ಮುಗಿದ ಕೆಲಸಕ್ಕೆ ಕೈ ಹಚ್ಚುವ ಹುರುಪು ಎಲ್ಲ ಸಾಹೇಬರಿಗೂ ಇರುತ್ತದೆ. ಎಣ್ಣೆ ಹತ್ತಿದ ಬೆರಳಿನಿಂದ ನಟ್ಟು ಜಾರಿತು. ಹಾಸುಗಲ್ಲಿನ ಮೇಲೆ ಒಮ್ಮೆ ಪುಟಿಯಿತು. ಉರುಳಿ, ಸಂದಿನ ಬಾಯಿಗೆ ಹೋಗಿ, ಯೋಚನೆ ಮಾಡಿದಂತೆ ನಿಂತು, ಒಳಗೆ ಬಿತ್ತು.

ಸಾಹೇಬರು ಕಿವಿಗೊಟ್ಟರು. ಓಣಿಯೇ ಕಿವಿಗೊಟ್ಟಿತು. ಹಗೇವಿನ ತಳ ಕಲ್ಲಿನದು. ಬರಿದಾದ ಹಗೇವಿಗೆ ಹಿತ್ತಾಳೆ ಬಿದ್ದರೆ ಠಣ್ ಎನ್ನಬೇಕು.

ಏನೂ ಅನ್ನಲಿಲ್ಲ.

"ಬಸವಣ್ಣೆಪ್ಪ, ಎಷ್ಟಪಾ ಆಳ ಇದು?"

"ಎರಡಾಳ್ರಿ," ಎಂದುಬಿಟ್ಟ.

"ಸಪ್ಪಳ ಬರಲಿಲ್ಲಲ್ಲ."

ಬಸವಣ್ಣೆಪ್ಪನ ಕಣ್ಣಿಗೆ ಜೈಲಿನ ಬಾಗಿಲು, ಅದರ ಮೇಲೆ ತನ್ನದೇ ಚೆಂದದ ಸಹಿ ಕಂಡಿತು. ಹುಚ್ಚವ್ವ ಊರುಗೋಲಿನ ಮೇಲೆ ಗದ್ದ ಊರಿ, ಸಮಾಧಾನದಿಂದ ಹೇಳಿದಳು:

"ಅವಗೇನ ಗೊತ್ರಿ. ಎರಡಾಳ ಅವರಜ್ಜನ ಕಾಲಕ್ಕಿತ್ತು. ಕುಸದ ಮ್ಯಾಲೆ ಅದಕ್ಕ ತಳಾನ ಇಲ್ಲ. ನಿಮ್ಮ ನಟ್ಟು ಇನ್ನೂ ಬೀಳಾಕತ್ತೈತಿ."

ಸಾಹೇಬರು ಮುದುಕಿಯನ್ನು ನೋಡಿದರು. ಮುದುಕಿ ಸಾಹೇಬರನ್ನು ನೋಡಿದಳು. ಸಾಹೇಬರು ಗಡಿಯಾರ ತೆಗೆದು ಹಿಡಿದು, ಕಲ್ಲಿನ ಮೇಲೆ ಮೊಣಕಾಲೂರಿ, ಸಂದಿಗೆ ಕಿವಿ ಹಚ್ಚಿದರು. ಬೇವಿನ ಗಿಡದಿಂದ ಒಂದು ಒಣ ಎಲೆ ಬಿತ್ತು. ಅದರ ಸಪ್ಪಳವೂ ಕೇಳಿಸಿತು. ಬಹಳ ಹೊತ್ತಿನ ಮೇಲೆ, 'ಠಣ್' ಎಂದಿತು.

ಅದು ಬಂದದ್ದು ಅಡುಗೆಮನೆಯಿಂದ. ದಾನವ್ವ ತಂಬಿಗೆಯೊಳಗೆ ಏನೋ ಹಾಕಿದ್ದಳು.

ಸಾಹೇಬರು ಕಿವಿ ತೆಗೆಯದೆಯೇ ಅಡುಗೆಮನೆಯ ಕಡೆ ಕಣ್ಣು ಹೊರಳಿಸಿದರು. ಆಮೇಲೆ ಎದ್ದು ಮೊಣಕಾಲಿನ ಮಣ್ಣು ಝಾಡಿಸಿದರು. ಅವರ ಮೂಗಿನ ತುದಿಯಲ್ಲಿ ಜೋಳದ ಹೊಟ್ಟಿನ ಒಂದು ಸಣ್ಣ ಚೂರು ಅಂಟಿತ್ತು. ಬಸವಣ್ಣೆಪ್ಪ ಅದನ್ನು ನೋಡಿದ. ಕರಿಬಸಪ್ಪ ನೋಡಿದ. ಒರೆಸಿಕೊಳ್ಳಿರೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸಾಹೇಬರು ತಾವೇ ಒರೆಸಿಕೊಂಡು, ಬೆರಳಿನ ಮೇಲೆ ಅದನ್ನು ಕ್ಷಣ ಹೊತ್ತು ನೋಡಿ, ಊದಿಬಿಟ್ಟರು.

ಆಮೇಲೆ ದಫ್ತರ ಬಿಚ್ಚಿ ಬರೆದು, ಓದಿ ಹೇಳಿದರು: "ನಾಲ್ಕು ದಿನ ಸ್ಥಳದಲ್ಲೇ ಇದ್ದು ಹಗೇವಿನ ತಪಾಸಣೆ ಮಾಡಲಾಯಿತು. ಸದರಿ ಹಗೇವಿಗೆ ತಳ ಕಂಡುಬರಲಿಲ್ಲ. ದನಕರು ಬೀಳುವ ಭಯವಿರುವುದರಿಂದ ಹದಿನೈದು ದಿವಸದೊಳಗೆ ಮಣ್ಣು ತುಂಬಿ ಮುಚ್ಚತಕ್ಕದ್ದು. ಮುಚ್ಚಿದ್ದನ್ನು ನಾನು ಖುದ್ದು ಬಂದು ನೋಡತಕ್ಕದ್ದು."

ಬಸವಣ್ಣೆಪ್ಪ ಅಭ್ಯಾಸದಂತೆ ಚೆಂದಾಗಿ ಸಹಿ ಮಾಡಿದ. ಒಂದು ನಟ್ಟು ಕಡಿಮೆಯಾದ ಫಟಫಟಿ, ಒಂದು ಕಡ್ಡಿ ಟಿಣಿಟಿಣಿ ಎನ್ನುತ್ತ, ಓಣಿ ದಾಟಿತು. ಅದು ನೆಟ್ಟಗೇ ಹೋಯಿತು.

"ಮುಗೀತು," ಎಂದು ಬಸವಣ್ಣೆಪ್ಪ ಕಟ್ಟೆಯ ಮೇಲೆ ಕುಸಿದ. "ಜ್ವಾಳದ ಮ್ಯಾಲೆ ಮಣ್ಣು ಹಾಕಬೇಕಂತ. ನನ್ನ ಕೈಯಾರೆ."

"ಹದಿನೈದ ದಿನಾ ಕೊಟ್ಟಾರಲ್ರಿ," ಎಂದಳು ದಾನವ್ವ.

"ಹದಿನೈದ ದಿನದಾಗ ಏನ ಮಾಡಾಕ ಬರ್ತೈತಿ?"

ದಾನವ್ವ ಒಳಗೆ ಹೋಗಿ, ಸೆಗಣಿ ಬುಟ್ಟಿಗಳನ್ನು ತೊಳೆದಿಟ್ಟಳು.

ಹಗೇವು ತೆರೆದು ಎರಡು ದಿನ ಬಿಟ್ಟು, ವಿಷಗಾಳಿ ಹೋಯಿತೋ ಇಲ್ಲವೋ ಎಂದು ದೀಪ ಇಳಿಸಿ ನೋಡಿದರು. ಆಮೇಲೆ ಓಣಿಯ ಹೆಂಗಸರು ಹಾಡೇ ಹಗಲು, ಕೆಳಗೆ ಜೋಳ ಮೇಲೆ ಸೆಗಣಿಯ ಕುಳ್ಳು ಹೇರಿ, ಬುಟ್ಟಿ ಬುಟ್ಟಿ ಸಾಗಿಸಿದರು. ಓಣಿಯಲ್ಲಿ ಅಷ್ಟು ಕುಳ್ಳು ಇದೆಯೆಂದು ಓಣಿಗೇ ಗೊತ್ತಿರಲಿಲ್ಲ. ಅಟ್ಟ, ಗಾದಿ, ಕೊಟ್ಟಿಗೆಯ ಗೋದಲಿಯ ತಳ, ಎಲ್ಲೆಂದರಲ್ಲಿ ಜೋಳ ಕುಳಿತಿತು. ಬಸವಣ್ಣೆಪ್ಪ ಒಂದು ಕೆಲಸ ಮಾತ್ರ ತಾನೇ ಹಿಡಿದ. ಹನ್ನೆರಡು ಚೀಲ ಜೋಳವನ್ನೂ ಜರಡಿ ಹಿಡಿದ. ಯಾಕೆಂದು ಯಾರು ಕೇಳಿದರೂ ಹೇಳಲಿಲ್ಲ.

ಹದಿನೈದನೆಯ ದಿನ ಸಾಹೇಬರು ಬಂದರು. ಟಿಣಿಟಿಣಿ ದೂರದಿಂದಲೇ ಕೇಳಿಸಿತು. ಹಗೇವು ಅಂಚಿನವರೆಗೆ ಮಣ್ಣು ತುಂಬಿ, ತುಳಿದು, ಸಮವಾಗಿತ್ತು. ಸಾಹೇಬರು ಬೂಟುಗಾಲಿನಿಂದ ಎರಡು ಸಲ ಒತ್ತಿ ನೋಡಿ ತಲೆಯಾಡಿಸಿದರು. ಓಣಿಯೆಲ್ಲ ಉಸಿರು ಬಿಟ್ಟಿತು. ಫಟಫಟಿ ಹತ್ತಲು ಅವರು ಕಾಲೆತ್ತಿದರು.

"ಸಾಹೇಬ್ರ, ತಡೀರಿ," ಎಂದ ಬಸವಣ್ಣೆಪ್ಪ. ಅವನ ಮುಖದಲ್ಲಿ ಹದಿನೈದು ದಿನ ಕೂಡಿಟ್ಟ ಬೆಳಕಿತ್ತು. ರುಮಾಲಿನ ಸೆರಗಿನ ಗಂಟು ಬಿಚ್ಚಿ ಎರಡೂ ಕೈಯಿಂದ ಮುಂದೆ ಹಿಡಿದ. "ಸರಕಾರದ್ದು ಲುಕ್ಸಾನ ಆಗಬಾರದು ನೋಡ್ರಿ. ನಿಮ್ಮ ನಟ್ಟು ಸಿಕ್ತ್ರಿ."

ದಾನವ್ವ ಬಾಗಿಲ ಚೌಕಟ್ಟು ಹಿಡಿದಳು. ಕರಿಬಸಪ್ಪ ಕಣ್ಣು ಮುಚ್ಚಿದ.

ಸಾಹೇಬರು ಎತ್ತಿದ ಕಾಲು ಇಳಿಸಿದರು. ನಟ್ಟನ್ನು ಬೆಳಕಿಗೆ ಹಿಡಿದರು. ಅದರ ತೂತಿನಲ್ಲಿ ಒಂದು ಜೋಳದ ಕಾಳು ಬಿಗಿಯಾಗಿ ಕುಳಿತಿತ್ತು.

"ತಳ ಇಲ್ಲಂದಿದ್ರೆಲ್ಲ," ಎಂದರು.

ಬಸವಣ್ಣೆಪ್ಪನ ಮುಖದ ಬೆಳಕು ಆರಿತು. ಅವನಿಗೆ ಈಗ ಹೊಳೆದಿತ್ತು.

"ತಳ ಇಲ್ರಿ," ಎಂದಳು ಹುಚ್ಚವ್ವ, ಊರುಗೋಲಿನ ಮೇಲಿಂದ. "ಅದಕ್ಕ ಪಾಪ, ಎಲ್ಲೂ ನಿಂದ್ರಾಕ ಆಗದ ತಿರಿಗಿ ಬಂತು."

ಸಾಹೇಬರು ಒಂದು ಬೇವಿನ ಕಡ್ಡಿಯ ತುದಿಯಿಂದ ಆ ಕಾಳನ್ನು ಹೊರಗೆ ತಳ್ಳಿದರು. ಅಂಗೈಗೆ ಬಿದ್ದ ಕಾಳನ್ನು ಬಾಯಿಗೆ ಹಾಕಿಕೊಂಡು ಅಗಿದರು. ನಟ್ಟು ಕೂಡಿಸಿ, ಚಾವಿಯಿಂದ ಬಿಗಿದು, ಬೆರಳಿಂದ ಮೀಟಿ ಕೇಳಿದರು. ಕಡ್ಡಿ ಉಳಿದವುಗಳ ದನಿಗೆ ದನಿ ಕೂಡಿಸಿತು. ಆಮೇಲೆ ಫಟಫಟಿ ಹತ್ತಿ, ಬಸವಣ್ಣೆಪ್ಪನನ್ನು ಹತ್ತಿರ ಕರೆದು, ಅವನಿಗಷ್ಟೇ ಕೇಳುವಂತೆ ಹೇಳಿದರು:

"ಮುಂದಿನ ವರ್ಷ ಜಬಾನಿ ಕೊಡೂ ಮುಂದ ನೀ ಬರಬ್ಯಾಡಪಾ. ಆ ಮುದುಕಿನ್ನ ಕಳಸು."

"ಆಕಿಗೆ ಸಹಿ ಬರಂಗಿಲ್ರಿ," ಎಂದ ಬಸವಣ್ಣೆಪ್ಪ.